ಚೀಟಿ ನಂಬರು ೭೨೦೭೨೧

ಚಳ್ಳಕೆರೆಯ ಎಣ್ಣೆಮಿಲ್ಲುಗಳ ಹಿಂದೆ
ಬಳ್ಳಾರಿ ರಸ್ತೆಗೆ ಮುಖಮಾಡಿದ ವೇಬ್ರಿಡ್ಜು.
ರಾತ್ರಿಪಾಳಿ ನನ್ನದು.
ಹಿಂಡಿಯ ವಾಸನೆ ಅಂಗಿ ಬಿಡುವುದಿಲ್ಲ,
ಹೆಂಡತಿ ಮೂಗು ಮುಚ್ಚುವುದನ್ನು ಬಿಟ್ಟು
ಎಷ್ಟೋ ವರ್ಷ.

ತುಂಬಿದ ತೂಕ, ಖಾಲಿ ತೂಕ, ಕಳೆದರೆ ಮಾಲು.
ಸಂಬಳಕ್ಕೆ ಇಷ್ಟು ಲೆಕ್ಕ ಸಾಕು.
ಉಳಿದದ್ದು ನನ್ನ ಚಟ:
ಚೀಟಿಯ ಮೂಲೆಯ ಕೆಂಪು ನಂಬರನ್ನು
ಶೇಂಗಾ ಒಡೆದ ಹಾಗೆ ಒಡೆದು
ಒಳಗೆಷ್ಟು ಬೀಜ ಎಂದು ನೋಡುವುದು.

ಆವತ್ತು ಈರುಳ್ಳಿ ಲಾರಿಗೆ ಹೋದದ್ದು ೭೨೦೭೧೯.
ಮೂವತ್ತೊಂದು, ಅರವತ್ತೇಳು, ಮುನ್ನೂರ ನಲವತ್ತೇಳು.
ಮೂರು ಬೀಜದ ಕಾಯಿ, ಗಟ್ಟಿ ಸಿಪ್ಪೆ.
ಬೆರಳು ನೋಯಿತು.

ಆಮೇಲೆ ಏಳುನೂರಿಪ್ಪತ್ತರ ಪಕ್ಕಕ್ಕೇ ಏಳುನೂರಿಪ್ಪತ್ತು!
ಮುಟ್ಟಿದರೆ ಸಾಕು, ಉದುರಿತು.
ಎರಡಕ್ಕೆ ಹೋಯಿತು, ಮೂರಕ್ಕೆ ಹೋಯಿತು,
ಏಳಕ್ಕೆ, ಹನ್ನೊಂದಕ್ಕೆ, ಹಟಮಾರಿ ಹದಿಮೂರಕ್ಕೂ;
ಹದಿನಾರು ಜನ ಸಾಲಾಗಿ ಕೂತರೂ
ಎಲ್ಲರ ಎಲೆಗೂ ಸಮ ಬಡಿಸಿ ಎದ್ದಿತು.
ಹದಿನೇಳನೆಯವನು ಬಂದಾಗ ಮಾತ್ರ ಐದು ಉಳಿಯಿತು.
ಇನ್ನೂರ ನಲವತ್ತು ಭಾಜಕ ಅದಕ್ಕೆ.
ತನ್ನನ್ನು ಬಿಟ್ಟು ಮಿಕ್ಕವನ್ನೆಲ್ಲ ಕೂಡಿದರೆ
ತನ್ನ ಮೂರೂವರೆ ಪಟ್ಟನ್ನೂ ದಾಟುತ್ತದೆ.
ಸಮೃದ್ಧ ಸಂಖ್ಯೆ ಎನ್ನುತ್ತಿದ್ದರು ವಿರೂಪಾಕ್ಷಿ ಮೇಷ್ಟ್ರು,
ಹಾಗೆನ್ನುವಾಗ ಹೊಟ್ಟೆ ಸವರಿಕೊಳ್ಳುತ್ತಿದ್ದರು.
ಚೌಕವಾಗಲು ಎಂಬತ್ತೊಂದು ಕಮ್ಮಿ ಬಿತ್ತು, ಅಷ್ಟೇ ಕೊರಗು.
ಅಂಥ ನಂಬರು ಹೋಗಿ ಸೇರಿದ್ದು
ಒಂದು ಖಾಲಿ ಟ್ರ್ಯಾಕ್ಟರಿಗೆ.
ಅವನು ಅದನ್ನು ಮಡಿಚಿ ಹಲ್ಲು ಕೆದಕಿಕೊಂಡ.

ಮುಂದಿನದು ಹೊನ್ನೂರಲಿಯ ಲಾರಿ,
ರಾಯದುರ್ಗದ ಕಡೆಯಿಂದ ಶೇಂಗಾ ತುಂಬಿ.
"ಕಾಟಣ್ಣಾ, ನಂದೇನಂತೆ ಜಾತಕ?"
ಎರಡರಿಂದ ಹದಿನಾರರವರೆಗೆ ಯಾರು ಮುಟ್ಟಿದರೂ
ಒಂದು ಉಳಿಸಿ ಹಿಂದೆ ಸರಿಯಿತು.
ಇರಲೇಬೇಕು, ಪಕ್ಕದ ಮನೆ ಅಷ್ಟು ಹಂಚಿದ ಮೇಲೆ.
ಹದಿನೇಳು ಬಿಡಲಿಲ್ಲ, ಹತ್ತೊಂಬತ್ತು ಬಿಡಲಿಲ್ಲ,
ಮಾಲಿಳಿಸಿ ಖಾಲಿ ತೂಕಕ್ಕೆ ಅವನು ಮರಳುವಷ್ಟರಲ್ಲಿ
ಅರವತ್ತೇಳಕ್ಕೆ ಬಂದಿದ್ದೆ. ಎರಡು ಉಳಿಯಿತು.

"ಒಡೆಯಲ್ಲ ಕಣೋ. ಅವಿಭಾಜ್ಯ."
"ಅಂದ್ರೆ?"
"ಒಂದು ಮತ್ತೆ ತಾನು. ಒಳಗೆ ಬೇರೆ ಯಾರೂ ಇಲ್ಲ."
ಅವನು ನಗಲಿಲ್ಲ.
ಚೀಟಿಯನ್ನು ಬಲ್ಬಿಗೆ ಹಿಡಿದು ನೋಡಿದ,
"ನನ್ನಂಗೇ ಐತಲ್ಲ," ಅಂದ.
ಒಡೆದು ತೋರಿಸಿದರೆ ಒಂದು ಚಾ ಎಂದು ನಾನೇ ಪಂಥ ಕಟ್ಟಿದೆ,
ಅವನು ಎದೆಜೇಬಿಗಿಟ್ಟುಕೊಂಡು ಹೊರಟ.

ಎಂಟುನೂರ ನಲವತ್ತೆಂಟರವರೆಗೆ
ಎಲ್ಲ ಅವಿಭಾಜ್ಯಗಳನ್ನೂ ಕೇಳಬೇಕಿತ್ತು.
ಮೇಷ್ಟ್ರಾಗಿದ್ದರೆ ಕಿವಿ ಹಿಂಡುತ್ತಿದ್ದರು.
ನಿದ್ದೆಗಣ್ಣಲ್ಲಿ ಒಬ್ಬ ಮನುಷ್ಯನ ಜೇಬಿಗೆ
ಅಂಥ ಮಾತು ಹಾಕಿ ಕಳಿಸಿಬಿಟ್ಟೆ.

ಅವನ ಕೆಂಪು ದೀಪ ಗೇಟು ದಾಟಿ ಹತ್ತು ನಿಮಿಷವಿಲ್ಲ,
ಕೈ ಸುಮ್ಮನಿರದೆ ಮುಂದಿನದನ್ನು ಕೇಳಿತು.
ಎಪ್ಪತ್ತೊಂದು.
ಬರೆದೆ, ಇಳಿಸಿದೆ, ಕಳೆದೆ.
ಸೊನ್ನೆ.
ಎಪ್ಪತ್ತೊಂದು ಹತ್ತು ಸಾವಿರದ ನೂರ ಐವತ್ತೊಂದಲ.
ಮತ್ತೆ ಗುಣಿಸಿ ನೋಡಿದೆ. ಅದೇ.
ಅದರೊಳಗೆ ಇಬ್ಬರು ಇದ್ದರು, ಮೊದಲಿಂದಲೂ,
ಒಬ್ಬ ಸಣ್ಣವ, ಒಬ್ಬ ದೊಡ್ಡವ,
ಬಾಗಿಲು ಬಡಿಯುವವರೆಗೆ ಉಸಿರು ಬಿಡದೆ ಕೂತವರು.

ಎದ್ದು ರಸ್ತೆಗೆ ಓಡಿದೆ, ಹುಚ್ಚನ ಹಾಗೆ.
ಬಳ್ಳಾರಿ ಕಡೆ ಬರೀ ಕತ್ತಲೆ.

ಹಿಂದೆ ಕುರಿ ಲಾರಿಯವನು ಹಾರ್ನು ಬಾರಿಸುತ್ತಿದ್ದ.
ಕುರಿಗಳು ಒಳಗೆ ಜಾಗ ಬದಲಾಯಿಸಿದಷ್ಟೂ
ತೂಕದ ಅಂಕಿ ಮೇಲೆ ಕೆಳಗೆ.
೭೨೦೭೨೨. ಸಮ.
ಅರ್ಧ ಮಾಡಿ ಅಲ್ಲಿಗೇ ಬಿಟ್ಟೆ.

ಹೊನ್ನೂರಲಿ, ಲಾರಿ ಬದಲಾಯಿಸಿದೆಯೋ, ರೂಟೋ?
ಎರಡು ಸುಗ್ಗಿ ಆಯಿತು, ನೀನು ಈ ಕಡೆ ಬಂದಿಲ್ಲ.
ಆ ಚೀಟಿ ಯಾವಾಗಲೋ ಒಗೆತಕ್ಕೆ ಹೋಗಿರಬೇಕು.
ಆದರೂ ಪ್ರತಿ ರಾತ್ರಿ ಒಂದು ಹೆಡ್‌ಲೈಟು ತಿರುಗಿದರೆ
ಫ್ಲಾಸ್ಕಿನ ಮುಚ್ಚಳ ತೆಗೆದು ನೋಡುತ್ತೇನೆ,
ಎರಡು ಲೋಟಕ್ಕೆ ಆಗುವಷ್ಟಿದೆಯೇ ಎಂದು.